ಡೆಲ್ಫಿನ್ ಗುರುತು ಹಾಕದ ಕೆರೆ

ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಚರ್ಮಕ್ಕೆ ಹೊಗೆ ಕೊಟ್ಟು ಹದ ಮಾಡುವುದರಲ್ಲಿ ನಮ್ಮ ಬಿಳಿಮೀನು ಕೊಲ್ಲಿಯಲ್ಲಿ ಡೆಲ್ಫಿನ್‌ಳನ್ನು ಮೀರಿಸಿದವರಿಲ್ಲ. ಕೊಳೆತ ಸ್ಪ್ರೂಸ್ ಮರದ ಪುಡಿಯನ್ನು ಅವಳೇ ಆರಿಸಿ ತರುತ್ತಾಳೆ. ಹೊಗೆ ಏಳಬೇಕು, ಉರಿ ಏಳಬಾರದು. ಅದಕ್ಕಾಗಿ ಇಡೀ ದಿನ ಗುಡಾರದ ಬಾಯಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಾಳೆ. ಅವಳ ಕೈಯಿಂದ ಬಂದ ಚರ್ಮ ಜೇನಿನ ಬಣ್ಣಕ್ಕೆ ತಿರುಗಿ, ಹಿಡಿದರೆ ಹಳೆಯ ಬಟ್ಟೆಯ ಹಾಗೆ ಮೆತ್ತಗಿರುತ್ತದೆ. ಮಾತು ಮಾತ್ರ ಬಹಳ ಕಡಿಮೆ. ಗಂಡ ಎಡ್ವಾರ್ ಬದುಕಿದ್ದಾಗ, ಇವಳ ಬಾಯಿ ಬಿಡಿಸುವುದಕ್ಕಿಂತ ಮೂಸಿನ ಚರ್ಮ ಕೆರೆಯುವುದೇ ಸಲೀಸು ಎಂದು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು.

ಅವಳಿಗೆ ಅರವತ್ತನಾಲ್ಕು ತುಂಬಿದ ಚಳಿಗಾಲದಲ್ಲಿ ಊರಿನ ಸಭಾಂಗಣಕ್ಕೆ ನಕ್ಷೆ ಬಂತು.

ದೊಡ್ಡ ಸರೋವರದ ಮೂಡಣ ದಂಡೆಯಿಂದ ಮರವಿಲ್ಲದ ಬಯಲಿನವರೆಗೆ, ನಮ್ಮ ಹಿರಿಯರು ಬೇಟೆಯಾಡಿಕೊಂಡು ಬಂದ ನೆಲವನ್ನು ಗಣಿಗಳಿಗೆ ಕೊಡದೆ ಕಾಪಾಡುವುದು. ಅದನ್ನು ನಮ್ಮ ಡೆನೆ ಜನರೂ ರಾಜಧಾನಿ ಒಟ್ಟಾವಾದ ಸರ್ಕಾರವೂ ಸೇರಿ ನೋಡಿಕೊಳ್ಳುವುದು. ಬೇಟೆ, ಮೀನು, ಗುಡಿಸಲು ಎಲ್ಲ ನಮಗೆ ಮೊದಲಿನಂತೆಯೇ ಇರುವುದು. ಇಂಥದೊಂದು ಒಪ್ಪಂದದ ಮಾತುಕತೆ ಆಗ ಶುರುವಾಗಿತ್ತು. ನೆಲ ನಮ್ಮದು ಎಂದರೆ ಸಾಲದು, ಎಲ್ಲೆಲ್ಲಿ ಬದುಕಿದ್ದೀರಿ ತೋರಿಸಿ ಎಂದಿದ್ದರು ಸರ್ಕಾರದವರು. ತೋರಿಸುವುದಕ್ಕೆಂದು ನಮ್ಮ ಪಂಚಾಯಿತಿಯವರೇ ದಕ್ಷಿಣದಿಂದ ರೂತ್ ಎಂಬ ನಕ್ಷೆ ಬರೆಯುವ ಹೆಂಗಸನ್ನು ಕರೆಸಿದ್ದರು. ಅವಳು ಮೇಜುಗಳನ್ನು ಜೋಡಿಸಿ ನಕ್ಷೆ ಹಾಸಿ, ಮೇಲೆ ಗಾಜಿನಂಥ ಹಾಳೆ ಹೊದಿಸಿದಳು. ಬೇಟೆಗೆ ಹಸಿರು ಪೆನ್ನು, ಮೀನಿಗೆ ನೀಲಿ, ಹುಟ್ಟಿದ ಜಾಗಕ್ಕೂ ಮಣ್ಣು ಮಾಡಿದ ಜಾಗಕ್ಕೂ ಕೆಂಪು. ಮುದುಕರು ಒಬ್ಬೊಬ್ಬರಾಗಿ ಬಂದು ಕೂತು ಗುರುತು ಹಾಕಿದರು. ಒಬ್ಬ ತಾತ, ತಾನು ಹರೆಯದಲ್ಲಿ ಹುಡುಗಿಯರ ಹಿಂದೆ ತಿರುಗಿದ ಜಾಗಗಳಿಗೆ ಯಾವ ಬಣ್ಣ ಎಂದು ಕೇಳಿದ. ಪಕ್ಕದಲ್ಲಿದ್ದ ಅವನ ಹೆಂಡತಿ, "ಅದಕ್ಕೆ ಬಣ್ಣ ಯಾಕೆ, ಎಲ್ಲರೂ ಒದ್ದು ಓಡಿಸಿದ್ರಲ್ಲ" ಎಂದಳು.

ಡೆಲ್ಫಿನ್ ಎರಡು ದಿನ ಕೂತಳು. ತಾನು ಹುಟ್ಟಿದ ಗುಡಾರದ ಜಾಗ, ಹಣ್ಣು ಆರಿಸುವ ದ್ವೀಪಗಳು, ಎಡ್ವಾರ್ ತುಪ್ಪಳದ ಪ್ರಾಣಿಗಳಿಗೆ ಬಲೆ ಹೂಡುತ್ತಿದ್ದ ನದಿಯ ಉದ್ದಕ್ಕೂ ಇದ್ದ ತಂಗುದಾಣಗಳು, ಕ್ಯಾರಿಬು ಜಿಂಕೆಗಳ ಹಿಂಡು ನೀರು ದಾಟುವ ಕಡೆಗಳು, ಎಲ್ಲವನ್ನೂ ತೋರಿಸಿದಳು. ರೂತ್ ಬೆರಗಾದಳು, ಇಷ್ಟು ಗುರುತು ಯಾರೂ ಹಾಕಿರಲಿಲ್ಲ. ಮೂಡಣ ಭಾಗಕ್ಕೆ ಬಂದಾಗ ಡೆಲ್ಫಿನ್‌ಳ ಕೈ ಎರಡು ಕಲ್ಲುಗುಡ್ಡಗಳ ನಡುವಿನ ಒಂದು ಸಣ್ಣ ಕೆರೆಯ ಮೇಲೆ ಹಾದು ಮುಂದೆ ಹೋಯಿತು.

"ಈ ಕಡೆ ಏನಾದ್ರೂ ಇದೆಯಾ?" ಎಂದು ರೂತ್ ಕೇಳಿದಳು.

"ಬರೀ ಕಲ್ಲು. ಸೊಳ್ಳೆ."

ರೂತ್ ಅದನ್ನು ಹಾಗೆಯೇ ಬರೆದುಕೊಂಡಳು. ಡೆಲ್ಫಿನ್ ಎದ್ದು ಕೋಟು ಹಾಕಿಕೊಂಡು ಮನೆಗೆ ಹೋದಳು.

ಆ ಕೆರೆಯನ್ನು ಅವಳು ಮೊದಲು ನೋಡಿದ್ದು ಎಂಟು ವರ್ಷದವಳಿದ್ದಾಗ. ಆ ಚಳಿಗಾಲ ಕ್ಯಾರಿಬು ಹಿಂಡು ಬೇರೆ ದಾರಿ ಹಿಡಿದಿತ್ತು. ಮೊಲದ ಉರುಳುಗಳೂ ಖಾಲಿ. ಸ್ಲೆಡ್ಜ್ ಎಳೆಯುವ ನಾಯಿಗಳು ಒಂದೊಂದಾಗಿ ಸತ್ತವು. ಅಮ್ಮ ಚರ್ಮದ ತುಂಡುಗಳನ್ನು ಕುದಿಸಿ ಆ ನೀರನ್ನು ಕುಡಿಸುತ್ತಿದ್ದಳು. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಡೆಲ್ಫಿನ್, ಆರು ವರ್ಷದ ತಮ್ಮ ಅಲ್ಫೋನ್ಸ್, ಮೂರು ತುಂಬದ ತಂಗಿ ರೊಸಾಲಿ, ಇಷ್ಟು ಜನ ನಾಲ್ಕು ದಿನ ನಡೆದು ಅಲ್ಲಿಗೆ ಹೋದರು. ಕೆರೆಯ ಒಂದು ತುದಿಗೆ ತೊರೆಯೊಂದು ಬಂದು ಬೀಳುತ್ತಿತ್ತು. ಅಲ್ಲಿ ಮಂಜುಗಡ್ಡೆ ದಪ್ಪ ಕಟ್ಟುತ್ತಿರಲಿಲ್ಲ. ಅಪ್ಪ ಗಡ್ಡೆ ಒಡೆದು ಬಲೆ ಇಳಿಸಿದ. ಮರುದಿನ ಬೆಳಿಗ್ಗೆ ಮೇಲೆಳೆದಾಗ ತೋಳುದ್ದದ ಟ್ರೌಟ್ ಮೀನು ಏಳು ಬಂದಿದ್ದವು. ಅಜ್ಜಿ ಹಸಿ ಮೀನಿನ ಕಣ್ಣನ್ನು ತೆಗೆದು ಮೊದಲು ಮಕ್ಕಳ ಬಾಯಿಗಿಟ್ಟಳು. ಗಡ್ಡೆ ಕರಗುವವರೆಗೂ ಆ ನೀರೇ ಅವರನ್ನು ಸಾಕಿತು.

ಹಸಿವಿನಿಂದ ಯಾರೂ ಸಾಯಲಿಲ್ಲ. ಆದರೆ ವಸಂತದಲ್ಲಿ ಅಪ್ಪ ಚಹಾ, ಮದ್ದುಗುಂಡು ತರಲೆಂದು ಅಂಗಡಿಗೆ ಹೋಗಿ ಬಂದ. ಬರುವಾಗ ದಡಾರವೂ ಅವನ ಜೊತೆ ಬಂತು. ಒಂದೇ ವಾರದಲ್ಲಿ ಅಜ್ಜಿ ಹೋದಳು, ರೊಸಾಲಿ ಹೋದಳು. ಕೆರೆಗೆ ಮುಖ ಮಾಡಿದ ಮರಳುದಿಬ್ಬದ ಮೇಲೆ ಇಬ್ಬರನ್ನೂ ಮಣ್ಣು ಮಾಡಿ, ಸಿಪ್ಪೆ ಸುಲಿದ ಗಳಗಳಿಂದ ಸುತ್ತ ಬೇಲಿ ಕಟ್ಟಿದರು. ಅಲ್ಲಿಂದ ಹೊರಡುವ ದಿನ ಅಪ್ಪ ಮಕ್ಕಳಿಬ್ಬರನ್ನೂ ಕೂರಿಸಿಕೊಂಡ. ಹರೆಯದಲ್ಲಿ ಅವನು ಇಂಥದೇ ಇನ್ನೊಂದು ಕೆರೆಯ ವಿಚಾರವನ್ನು ಅಂಗಡಿಯವನಿಗೆ ಹೇಳಿದ್ದನಂತೆ. ಅಂಗಡಿಯವನು ಸ್ನೇಹಿತ, ಬಿಸಿ ಚಹಾ ಕೊಟ್ಟು ಕೂರಿಸಿಕೊಳ್ಳುತ್ತಿದ್ದವನು. ಮರುವರ್ಷ ವಿಮಾನದಲ್ಲಿ ಮೀನು ವ್ಯಾಪಾರದವರು ಬಂದು ಇಳಿದರು. ಎರಡು ಬೇಸಿಗೆಯಲ್ಲಿ ಕೆರೆ ಬರಿದಾಯಿತು. ನಮ್ಮ ತಣ್ಣೀರಿನಲ್ಲಿ ಟ್ರೌಟ್ ಬೆಳೆಯುವುದು ವರ್ಷಕ್ಕೆ ಬೆರಳಗಲವೂ ಇಲ್ಲ. ಅಪ್ಪ ಸಾಯುವವರೆಗೂ ಆ ಕೆರೆಯಲ್ಲಿ ದೊಡ್ಡ ಮೀನು ಮತ್ತೆ ಕಾಣಲಿಲ್ಲ.

"ಅವನೇನು ಕೆಟ್ಟವನಲ್ಲ," ಎಂದಿದ್ದ ಅಪ್ಪ. "ನಾನು ಅವನಿಗೆ ಹೇಳ್ದೆ, ಅವನು ಇನ್ನೊಬ್ರಿಗೆ ಹೇಳ್ದ. ಅಷ್ಟೇ ಆಗಿದ್ದು. ಈ ನೀರನ್ನ ಮಾತ್ರ ಯಾರ ಬಾಯಿಗೂ ಹಾಕಬೇಡಿ."

ಮಕ್ಕಳಿಬ್ಬರೂ ತಲೆಯಾಡಿಸಿದ್ದರು.

ಮುಂದಿನ ವರ್ಷ ವಿಮಾನ ಬಂದು ಡೆಲ್ಫಿನ್‌ಳನ್ನು ಪಾದ್ರಿಗಳ ಶಾಲೆಗೆ ಒಯ್ದಿತು. ಆರು ವರ್ಷ ಅಲ್ಲಿದ್ದಳು. ಅಲ್ಲಿ ಕಲಿತದ್ದರಲ್ಲಿ ಇಂಗ್ಲಿಷ್ ಉಪಯೋಗಕ್ಕೆ ಬಂತು ಎನ್ನುತ್ತಾಳೆ, ಉಳಿದದ್ದರ ಮಾತು ಎತ್ತುವುದಿಲ್ಲ. ಹಿಂದಿರುಗಿದವಳು ಎಡ್ವಾರ್‌ನನ್ನು ಮದುವೆಯಾದಳು. ನಾಲ್ಕು ಮಕ್ಕಳಾದವು. ಆದರೆ ಪ್ರತಿ ವಸಂತದಲ್ಲೂ ಹಿಮ ಗಟ್ಟಿಯಾಗಿರುವಾಗ ಅಕ್ಕ ತಮ್ಮ ಇಬ್ಬರೇ ಹೊರಡುತ್ತಿದ್ದರು. ಮೊದಲು ನಾಯಿಗಳ ಸ್ಲೆಡ್ಜ್‌ನಲ್ಲಿ, ಆಮೇಲೆ ಹಿಮದ ಮೋಟಾರಿನಲ್ಲಿ. ಬೇಲಿ ಸರಿಮಾಡಿ, ನಾಲ್ಕು ಮೀನು ಹಿಡಿದು ತಿಂದು, ವಾಪಸು. ಎಲ್ಲಿಗೆ ಹೋಗಿದ್ದರು ಎಂದು ಎಡ್ವಾರ್ ಒಂದು ಸಲವೂ ಕೇಳಿದವನಲ್ಲ. "ಗುಟ್ಟಿನ ಗಂಡ ಚೆನ್ನಾಗಿದ್ದಾನಾ?" ಎಂದಷ್ಟೇ ಅಂದು ಒಲೆಯ ಮೇಲೆ ಕೆಟಲ್ ಇಡುತ್ತಿದ್ದ. ನಕ್ಷೆ ಬರುವುದಕ್ಕೆ ಮೂರು ವರ್ಷ ಮುಂಚೆ ಅವನೂ ತೀರಿಕೊಂಡಿದ್ದ.

ಮಾತುಕತೆ ಹತ್ತು ವರ್ಷಕ್ಕೂ ಮೇಲೆ ನಡೆಯಿತು. ನಮ್ಮ ಕಡೆಯಿಂದ ಮಾತಾಡುತ್ತಿದ್ದವಳು ಅಲ್ಫೋನ್ಸ್‌ನ ಮಗಳು ನೋಯೆಲಾ. ಕಾನೂನು ಓದಿ ಊರಿಗೆ ಮರಳಿದ ಹುಡುಗಿ. ಹತ್ತು ವರ್ಷದಲ್ಲಿ ಅವಳ ಕೂದಲಿನ ಮುಂಭಾಗ ಬೆಳ್ಳಗಾಯಿತು. ನಗರದ ಸಭೆಗಳಿಂದ ಬಂದವಳು ನೇರ ಡೆಲ್ಫಿನ್‌ಳ ಅಡುಗೆಮನೆಗೆ ನುಗ್ಗಿ, ಬೂಟು ಬಿಚ್ಚದೆಯೇ ಕೂತು, ಒಣಮಾಂಸ ಬೆಣ್ಣೆ ತಿನ್ನುತ್ತ ಸರ್ಕಾರದವರನ್ನೆಲ್ಲ ಬೈಯುತ್ತಿದ್ದಳು. ಡೆಲ್ಫಿನ್ ಬ್ಯಾನಕ್ ರೊಟ್ಟಿ ಬೇಯಿಸಿ ಹಾಕುತ್ತ ಕೇಳಿಸಿಕೊಳ್ಳುತ್ತಿದ್ದಳು.

ಡೆಲ್ಫಿನ್‌ಗೆ ಎಪ್ಪತ್ತೈದಾದ ವರ್ಷ ಎಲ್ಲೆಯ ಗೆರೆ ತಯಾರಾಯಿತು. ಸಭಾಂಗಣದಲ್ಲಿ ಊರಿಗೆಲ್ಲ ಸಾರು, ರೊಟ್ಟಿ; ಊಟವಾದ ಮೇಲೆ ಗೋಡೆಯ ಮೇಲೆ ನಕ್ಷೆಯ ಚಿತ್ರ ಬಿಟ್ಟರು. ಉಳಿಯುವ ನೆಲಕ್ಕೆಲ್ಲ ಹಸಿರು. ಜನ ಸಿಳ್ಳೆ ಹಾಕಿದರು. ಮೂಡಣದಲ್ಲಿ ಮಾತ್ರ ಯಾರೋ ರೊಟ್ಟಿಗೆ ಬಾಯಿ ಹಾಕಿ ಕಚ್ಚಿದ ಹಾಗೆ ಹಸಿರಿನೊಳಗೆ ಒಂದು ತುಂಡು ಇರಲಿಲ್ಲ. ನೋಯೆಲಾ ಕೋಲು ತೋರಿಸಿ ವಿವರಿಸಿದಳು: ಕಲ್ಲು ಪರೀಕ್ಷೆ ಮಾಡುವವರು ಅದಿರು ಸಿಗಬಹುದು ಎಂದ ಏಳು ಜಾಗಗಳನ್ನು ಸರ್ಕಾರ ಹೊರಗಿಡಬೇಕೆಂದು ಕೇಳಿತ್ತು. ಐದರ ಮೇಲೆ ನಮ್ಮವರ ಗುರುತು ದಟ್ಟವಾಗಿತ್ತು, ಅವನ್ನು ಬಿಡಲಿಲ್ಲ. ಎರಡನ್ನು ಬಿಟ್ಟುಕೊಡಬೇಕಾಯಿತು. ಅದರಲ್ಲಿ ಇದೊಂದು, ಇಲ್ಲಿ ಯಾರೂ ಒಂದೇ ಒಂದು ಚುಕ್ಕಿ ಹಾಕಿಲ್ಲ.

ಡೆಲ್ಫಿನ್ ಮೊಣಕಾಲ ಮೇಲೆ ಸಾರಿನ ಬಟ್ಟಲು ಹಿಡಿದು ಕೂತಿದ್ದಳು. ಎದುರು ಸಾಲಿನಲ್ಲಿದ್ದ ಅಲ್ಫೋನ್ಸ್ ಅವಳನ್ನು ನೋಡಲಿಲ್ಲ, ನೆಲವನ್ನೇ ನೋಡುತ್ತಿದ್ದ. ಪ್ರಶ್ನೆ ಇದ್ದವರು ಕೇಳಬಹುದು ಎಂದಳು ನೋಯೆಲಾ. ಮೂರು ನಾಲ್ಕು ಜನ ಕೇಳಿದರು. ಡೆಲ್ಫಿನ್ ಕೈಯೆತ್ತಲಿಲ್ಲ. ಸಾರು ತಣ್ಣಗಾಗಿ ಮೇಲೆ ಕೊಬ್ಬು ಕಟ್ಟಿತ್ತು. ಅದನ್ನು ಮನೆಗೆ ಒಯ್ದು ನಾಯಿಗೆ ಹಾಕಿದಳು.

ಮರುದಿನ ತಮ್ಮನ ಮನೆಗೆ ಹೋದಳು. ಅವನು ಹಿಮದ ಮೋಟಾರಿನ ಪಟ್ಟಿ ಬಿಗಿಯುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ, ಬೇಡ ಎಂದ.

"ಅಪ್ಪನಿಗೆ ಕೊಟ್ಟ ಮಾತು ಅಕ್ಕ ಅದು."

"ಅಪ್ಪನಿಗೆ ಬೇಕಾಗಿದ್ದು ಕೆರೆ ಕಣೋ. ನಮ್ಮ ಮಾತು ಇಟ್ಕೊಂಡು ಅವನೇನು ಮಾಡ್ತಾನೆ?"

"ಬಾಯಿ ಬಿಟ್ಟ ಮೇಲೆ ಯಾವ ಕೆರೆ ಉಳಿದಿದೆ, ಒಂದು ಹೇಳು ನೋಡೋಣ."

ಅವಳು ಅವನಿಗೆ ಬೇಕಾದ ತಿರುಪುಳಿಯನ್ನು ಎತ್ತಿಕೊಟ್ಟು ಬಂದಳು.

ಆ ವಸಂತದಲ್ಲೂ ಇಬ್ಬರೂ ಎಂದಿನಂತೆ ಹೊರಟರು. ಕೆರೆಯ ದಂಡೆಯಲ್ಲಿ ಹೊಸ ಗೂಟಗಳು ನಿಂತಿದ್ದವು. ನಾಲ್ಕು ಮೂಲೆ ಕೆತ್ತಿದ ಮರದ ಗೂಟ, ತಲೆಗೆ ತಗಡಿನ ಬಿಲ್ಲೆ, ಕಿತ್ತಳೆ ಬಣ್ಣದ ಪಟ್ಟಿ. ಗಣಿ ಹುಡುಕುವವರು ಈ ನೆಲ ನಮ್ಮದೆಂದು ನೆಡುವ ಗೂಟ. ಅದರಲ್ಲಿ ಒಂದು ಅಜ್ಜಿಯ ಬೇಲಿಯಿಂದ ಕಲ್ಲೆಸೆತದಷ್ಟೂ ದೂರವಿರಲಿಲ್ಲ. ಅಲ್ಫೋನ್ಸ್ ಮೋಟಾರಿನಿಂದ ಇಳಿದವನು ಸೀದಾ ಹೋಗಿ ಪಟ್ಟಿಯನ್ನು ಹರಿದು ಜೇಬಿಗೆ ತುರುಕಿದ. ಎರಡನೆಯದನ್ನೂ ಹರಿದ. ಮೂರನೆಯದರ ಹತ್ತಿರ ನಿಂತುಬಿಟ್ಟ. ಹರಿದರೇನು, ಅದು ಯಾವುದೋ ಕಚೇರಿಯ ಕಾಗದದಲ್ಲಿ ಬರೆದಾಗಿದೆ ಎಂದು ಡೆಲ್ಫಿನ್ ಹೇಳಬೇಕಾದ ಅಗತ್ಯವಿರಲಿಲ್ಲ. ಆ ದಿನ ಬಲೆಯನ್ನೇ ಇಳಿಸಲಿಲ್ಲ. ಬೇಲಿಯ ಎರಡು ಗಳ ಬದಲಿಸಿ ಚಹಾ ಕುಡಿಯುತ್ತಿದ್ದಾಗ, ತಾನು ನೋಯೆಲಾಗೆ ಹೇಳುತ್ತೇನೆ ಎಂದಳು.

"ಹೇಳಿದ ಮೇಲೆ ನನ್ನ ಮನೆ ಬಾಗಿಲು ತುಳೀಬೇಡ," ಎಂದ ಅಲ್ಫೋನ್ಸ್. ಕೂಗಲಿಲ್ಲ. ಚಹಾದ ಗಸಿಯನ್ನು ಹಿಮಕ್ಕೆ ಚೆಲ್ಲಿ ಎದ್ದ.

ನೋಯೆಲಾ ಬಂದಾಗ ಡೆಲ್ಫಿನ್ ಮೊದಲು ಬೂಟು ಬಿಚ್ಚು ಎಂದಳು. ಎಂದೂ ಹಾಗೆ ಹೇಳದ ಅತ್ತೆಯ ಮುಖ ನೋಡಿ ಅವಳು ಬಿಚ್ಚಿದಳು. ಡೆಲ್ಫಿನ್ ಎಲ್ಲವನ್ನೂ ಹೇಳಿದಳು, ಬರಗಾಲದ ನಡಿಗೆಯಿಂದ ಹಿಡಿದು ಕಿತ್ತಳೆ ಪಟ್ಟಿಯವರೆಗೆ. ಇಡೀ ಜೀವಮಾನದಲ್ಲಿ ಅಷ್ಟು ಹೊತ್ತು ಒಂದೇ ಸಮನೆ ಅವಳು ಮಾತಾಡಿದ್ದೇ ಇಲ್ಲ. ನೋಯೆಲಾ ತಟ್ಟೆಯನ್ನು ದೂರ ಸರಿಸಿದಳು.

"ಹತ್ತು ವರ್ಷ ಅತ್ತೆ. ಹತ್ತು ವರ್ಷ ಇದೇ ಕುರ್ಚೀಲಿ ಕೂತು ನಾನು ಅವರ ಜೊತೆ ಕಿತ್ತಾಡಿದ್ದನ್ನೆಲ್ಲ ನಿನಗೆ ಒದರಿದೀನಿ. ರೊಟ್ಟಿ ಹಾಕ್ತಾ ಇದ್ದೆಯಲ್ಲ, ಇದೊಂದು ಹೇಳೋಕೆ ಆಗ್ಲಿಲ್ವಾ?"

ಮುಂದಿನ ವಾರ ಒಪ್ಪಂದದ ಕರಡು ಪ್ರತಿಗೆ ಎರಡೂ ಕಡೆಯವರು ಸಹಿ ಹಾಕುವುದಿದೆ, ಈಗ ಗೆರೆ ಬದಲಿಸಿ ಎಂದರೆ ಇವರು ಮೋಸಗಾರರು ಎನ್ನುತ್ತಾರೆ, ಇಡೀ ಒಪ್ಪಂದವೇ ಬಿದ್ದುಹೋಗಬಹುದು ಎಂದು ನೋಯೆಲಾ ಒಂದೇ ಉಸಿರಿನಲ್ಲಿ ಹೇಳಿದಳು. ಹೇಳುತ್ತ ಹೇಳುತ್ತ ದನಿ ಇಳಿಯಿತು.

"ರೊಸಾಲಿ ಅಂತ ನನಗೊಬ್ಬಳು ಅತ್ತೆ ಇದ್ಲಾ?"

"ಇದ್ಲು. ನಿನ್ನ ಹಾಗೇ ಬೂಟು ಹಾಕ್ಕೊಂಡೇ ಗುಡಾರದೊಳಗೆ ಬರೋಳು."

ಆಗ ನೋಯೆಲಾ ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, ಇದನ್ನು ತಾನು ಹೇಳಿದರೆ ಯಾರೂ ನಂಬುವುದಿಲ್ಲ, ಮೇಜಿನ ಮುಂದೆ ಕೂತು ನೀನೇ ಹೇಳಬೇಕು ಎಂದಳು.

ಸಹಿಗೆಂದು ಕರೆದಿದ್ದ ಆ ಸಭೆ ಯೆಲ್ಲೋನೈಫ್ ನಗರದ ಒಂದು ಹೋಟೆಲಿನಲ್ಲಿತ್ತು. ಸರ್ಕಾರದ ಕಡೆಯ ಮುಖ್ಯಸ್ಥ ಫ್ಲೆಚರ್ ಎಂಬ ಉದ್ದನೆಯ ಮನುಷ್ಯ, ಮಾತು ನಯ. ಡೆಲ್ಫಿನ್ ಹೇಳಿದ್ದನ್ನು ಅವನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದ. ಆಮೇಲೆ ಕಡತ ತಿರುವಿ, ಹನ್ನೊಂದು ವರ್ಷದ ಹಿಂದೆ ರೂತ್ ಬರೆದುಕೊಂಡ ಹಾಳೆಯನ್ನು ಓದಿದ: ಬರೀ ಕಲ್ಲು, ಸೊಳ್ಳೆ. ಮೇಜಿನ ಆ ಕಡೆ ಯಾರೋ ಕಿಸಕ್ಕನೆ ನಕ್ಕರು.

"ಆವತ್ತು ನೀವು ಸುಳ್ಳು ಹೇಳಿದ್ರಾ?" ಎಂದು ಫ್ಲೆಚರ್ ಕೇಳಿದ.

"ಹೌದು."

ನೋಯೆಲಾ ಕಣ್ಣು ಮುಚ್ಚಿಕೊಂಡಳು.

"ಯಾಕೆ?"

"ನೀವು ಕೇಳಿದ್ದು ನಕ್ಷೆಗೆ. ನಕ್ಷೆ ಎಲ್ಲರ ಕೈಗೂ ಹೋಗುತ್ತೆ."

"ಹಾಗಾದ್ರೆ ಇವತ್ತು ಹೇಳ್ತಿರೋದು ನಿಜ ಅಂತ ನಾನು ಹೇಗೆ ನಂಬ್ಲಿ ಅಮ್ಮ?"

"ನಂಬಬೇಡಿ. ಬಂದು ನೋಡಿ."

ಜುಲೈನಲ್ಲಿ ಬಂದ. ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ ಅವನು, ನೋಯೆಲಾ, ಡೆಲ್ಫಿನ್. ಅಲ್ಫೋನ್ಸ್‌ನನ್ನು ನೋಯೆಲಾ ಕರೆದಿದ್ದಳು. ಅವನು ಬಾಗಿಲು ತೆರೆಯಲಿಲ್ಲ. ಕೆರೆಗೆ ಇಳಿದ ಕೂಡಲೇ ಡೆಲ್ಫಿನ್ ಜೇಬಿನಿಂದ ಚಿಟಿಕೆ ಹೊಗೆಸೊಪ್ಪು ತೆಗೆದು ನೀರಿಗೆ ಹಾಕಿ, ಬಂದಿದ್ದೇವೆ ಎಂದು ಹೇಳಿದಳು. ಫ್ಲೆಚರ್‌ಗೂ ಒಂದು ಚಿಟಿಕೆ ಕೊಟ್ಟಳು. ಅವನು ಗಾಳಿಗೆ ಎದುರಾಗಿ ಎಸೆದುಬಿಟ್ಟ, ಪುಡಿಯೆಲ್ಲ ಅವನ ಅಂಗಿಯ ಮೇಲೆ. ನೋಯೆಲಾ ಬೇರೆ ಕಡೆ ತಿರುಗಿಕೊಂಡು ನಕ್ಕಳು.

ಮರಳುದಿಬ್ಬದ ಬೇಲಿಯೊಳಗೆ ಎರಡು ಶಿಲುಬೆಗಳಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಮರಕ್ಕೆ ಬೂದಿಯ ಬಣ್ಣ ಬಂದಿತ್ತು. ಫ್ಲೆಚರ್ ಟೋಪಿ ತೆಗೆದು ನಿಂತ. ಬೇಲಿಯ ಗಳಗಳಲ್ಲಿ ಕೆಲವು ಹೊಸದು, ಕೆಲವು ಹತ್ತು ವರ್ಷದ್ದು, ಕೆಲವು ಮುಟ್ಟಿದರೆ ಪುಡಿಯಾಗುವಂಥವು. ಅವನ್ನು ಅವನು ಒಂದೊಂದಾಗಿ ಮುಟ್ಟಿ ನೋಡಿದ್ದನ್ನು ಡೆಲ್ಫಿನ್ ಗಮನಿಸಿದಳು. ನೋಯೆಲಾ ಚಿಕ್ಕ ಶಿಲುಬೆಯ ಬುಡದಲ್ಲಿ ಕೂತುಕೊಂಡಳು, ಬಹಳ ಹೊತ್ತು ಏಳಲಿಲ್ಲ. ಡೆಲ್ಫಿನ್ ಅವಳನ್ನು ಕರೆಯದೆ ತೊರೆಯ ಬಾಯಿಗೆ ಹೋಗಿ ಬಲೆ ಬಿಟ್ಟು ಬಂದಳು.

ಮಧ್ಯಾಹ್ನಕ್ಕೆ ನಾಲ್ಕು ಮೀನು ಸಿಕ್ಕವು. ತಲೆಗಳನ್ನು ಕುದಿಸಿ, ದೊಡ್ಡದನ್ನು ಅತಿಥಿಯ ತಟ್ಟೆಗೆ ಹಾಕಿದಳು. ಫ್ಲೆಚರ್ ಮೀನಿನ ಕಣ್ಣನ್ನೂ ಮೀನು ಫ್ಲೆಚರ್‌ನನ್ನೂ ನೋಡುತ್ತ ಸ್ವಲ್ಪ ಹೊತ್ತು ಕಳೆಯಿತು. ತಿಂದ. ತಿಂದಮೇಲೆ ಚೆನ್ನಾಗಿದೆ ಎಂದ, ಅದು ಸುಳ್ಳಾಗಿರಲಿಲ್ಲ. ಬೆರಳು ಒರೆಸಿಕೊಂಡು ಅವನು ಮುಚ್ಚುಮರೆಯಿಲ್ಲದೆ ಮಾತಾಡಿದ. ಈ ಜಾಗವನ್ನು ಒಳಗೆ ಸೇರಿಸಲು ತಾನು ಹೋರಾಡುತ್ತೇನೆ. ಆದರೆ ಬರಿಗೈಯಲ್ಲಿ ಹೋದರೆ ಒಟ್ಟಾವಾದಲ್ಲಿ ಯಾರೂ ಕೇಳುವುದಿಲ್ಲ. ಇಷ್ಟನ್ನು ಒಳಗೆ ತೆಗೆದುಕೊಂಡರೆ ಇನ್ನೆಲ್ಲಾದರೂ ಅಷ್ಟನ್ನು ಬಿಡಬೇಕು. ನೋಯೆಲಾ ಬಂಡೆಯ ಮೇಲೆ ನಕ್ಷೆ ಬಿಡಿಸಿ ನಾಲ್ಕು ಮೂಲೆಗೂ ಕಲ್ಲು ಇಟ್ಟಳು. ಯಾವುದನ್ನು ಕೇಳುತ್ತಾರೆ ಎನ್ನುವುದು ಅವಳಿಗೆ ಮೊದಲೇ ಗೊತ್ತಿತ್ತು. ಕೇಳುವುದು ಮೇಲಿನ ನದಿಯ ಪಟ್ಟಿಯನ್ನು. ಎಡ್ವಾರ್‌ನ ಅಪ್ಪ, ಎಡ್ವಾರ್, ಈಗ ಡೆಲ್ಫಿನ್‌ಳ ಹಿರಿಮಗ ಲಿಯಾನ್ ಬಲೆ ಹೂಡುತ್ತಿರುವ ಕಾಡು ಅದು. ಲಿಯಾನ್‌ನ ಗುಡಿಸಲೂ ಅಲ್ಲೇ ಇದೆ.

ಡೆಲ್ಫಿನ್ ನಕ್ಷೆಯನ್ನು ನೋಡಿದಳು. ಆ ನದಿಯ ಮೇಲೆ ಇದ್ದ ಗುರುತುಗಳಲ್ಲಿ ಅರ್ಧದಷ್ಟು ಅವಳೇ ಹಾಕಿದ್ದು. ಮಗನನ್ನು ಕೇಳದೆ ತಾನು ಹೂಂ ಅನ್ನಲಾರೆ ಎಂದಳು.

ಲಿಯಾನ್ ಸಿಟ್ಟಿನ ಮನುಷ್ಯನಲ್ಲ, ಐವತ್ತು ದಾಟಿದವನು, ಅಪ್ಪನ ಹಾಗೇ ಹಾಸ್ಯಗಾರ. ಅವನು ಆ ದಿನ ತಮಾಷೆ ಮಾಡಲಿಲ್ಲ.

"ನಮ್ಮಪ್ಪನ ಜಾಗ ಕೊಟ್ಟು ನಿಮ್ಮಪ್ಪನ ಜಾಗ ಉಳಿಸ್ಕೋತೀಯಾ ಅಮ್ಮ?"

"ಹೌದು ಕಣೋ. ನಾನು ಕೇಳ್ತಿರೋದು ಅದನ್ನೇ."

ಅವಳು ಅದಕ್ಕೆ ಬೇರೆ ಬಣ್ಣ ಕಟ್ಟಲು ಹೋಗಲಿಲ್ಲ. ನಿಮ್ಮಪ್ಪನಿದ್ದಿದ್ದರೆ ಒಪ್ಪುತ್ತಿದ್ದ ಎಂದು ಹೇಳುವುದು ಸುಲಭವಿತ್ತು. ಒಪ್ಪುತ್ತಿದ್ದನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಲಿಯಾನ್ ಎದ್ದು ಹೋದ. ಒಂದು ವಾರ ಅವನ ಸುಳಿವಿಲ್ಲ. ನದಿಯ ಮೇಲೆ ಹೋಗಿದ್ದಾನೆ ಎಂದು ಸೊಸೆ ಹೇಳಿದಳು. ಅಷ್ಟು ದಿನವೂ ಡೆಲ್ಫಿನ್ ಒಂದೇ ಚರ್ಮವನ್ನು ಕೆರೆದೂ ಕೆರೆದೂ ಒಂದು ಕಡೆ ತೂತು ಮಾಡಿಟ್ಟಳು. ಮದುವೆಯಾದ ಮೇಲೆ ಅವಳು ಹಾಗೆ ಹಾಳು ಮಾಡಿದ ಚರ್ಮ ಅದೊಂದೇ.

ಎಂಟನೆಯ ದಿನ ಲಿಯಾನ್ ಬಂದು ಬಾಗಿಲಲ್ಲೇ ನಿಂತು ಮಾತಾಡಿದ. ಅವನ ಗುಡಿಸಲನ್ನು ಯಾರೂ ಮುಟ್ಟಬಾರದು. ನಮ್ಮ ಪಂಚಾಯಿತಿ ಒಪ್ಪದೆ ಆ ನದಿಯ ಪಕ್ಕ ರಸ್ತೆ ಕಡಿಯಬಾರದು. ಇವೆರಡೂ ಕಾಗದದಲ್ಲಿ ಬರೆದಿರಬೇಕು. ಇಷ್ಟಾದರೆ ತಾನು ಅಡ್ಡ ಬರುವುದಿಲ್ಲ. "ಖುಷಿಯಿಂದ ಒಪ್ಪಿದೆ ಅಂತ ಮಾತ್ರ ಎಲ್ಲೂ ಬರೀಬೇಡಿ," ಎಂದ. ಒಳಗೆ ಬಂದು ಕೂರು ಎಂದರೆ ಕೂರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಮಾರ್ಟೆನ್ ಎಂಬ ಕಾಡುಪ್ರಾಣಿಯ ತುಪ್ಪಳವೊಂದನ್ನು ಇಟ್ಟು ಹೋದ, ಅವಳ ಚಳಿಗಾಲದ ಟೋಪಿಗೆ.

ಅವನ ಎರಡು ಮಾತನ್ನೂ ನೋಯೆಲಾ ಬರೆಸಿದಳು. ಅದಕ್ಕೇ ಎಂಟು ತಿಂಗಳು ಹಿಡಿಯಿತು. ಊರಿನವರು ಮತ ಹಾಕಿದರು. ಒಪ್ಪಿದವರು ಹೆಚ್ಚು, ಒಪ್ಪದವರೂ ಸಾಕಷ್ಟು ಮಂದಿ. ಅಲ್ಫೋನ್ಸ್ ಯಾವ ಕಡೆ ಹಾಕಿದನೆಂದು ಡೆಲ್ಫಿನ್‌ಗೆ ಇವತ್ತಿಗೂ ತಿಳಿಯದು. ಸಹಿಯ ದಿನ ಮಂತ್ರಿಯೊಬ್ಬರು ಬಂದರು, ಡೋಲು ಬಾರಿಸಿ ಊರೆಲ್ಲ ಸುತ್ತುಗಟ್ಟಿ ಕುಣಿಯಿತು. ವೇದಿಕೆಗೆ ಕರೆದರೂ ಡೆಲ್ಫಿನ್ ಹತ್ತಲಿಲ್ಲ. ಎರಡು ಸುತ್ತು ಕುಣಿದು, ಕಾಲು ನೋವೆಂದು ಮನೆಗೆ ಬಂದಳು. ಗೂಟ ನೆಟ್ಟಿದ್ದ ಕಂಪನಿಯ ಹಕ್ಕು ಒಪ್ಪಂದವಾದ ಮಾತ್ರಕ್ಕೆ ತಪ್ಪುವಂತಿರಲಿಲ್ಲ. ಅವಧಿ ಮುಗಿಯುವವರೆಗೆ ಕಾಯಬೇಕಿತ್ತು. ಎರಡು ಚಳಿಗಾಲ ಅವಳು ಪ್ರತಿ ತಿಂಗಳೂ ನೋಯೆಲಾಳನ್ನು ಅದನ್ನೇ ಕೇಳಿದಳು. ಮೂರನೆಯ ವರ್ಷ ಅವರು ಹಕ್ಕನ್ನು ಮುಂದುವರಿಸಲಿಲ್ಲ. ಅಲ್ಲಿ ಅದಿರು ಸಿಗಲಿಲ್ಲವೋ, ಬೇಡವಾಯಿತೋ, ಯಾರೂ ಹೇಳಲಿಲ್ಲ.

ಅಷ್ಟು ಕಾಲವೂ ಅಲ್ಫೋನ್ಸ್ ಅಕ್ಕನ ಜೊತೆ ಮಾತಾಡಲಿಲ್ಲ. ಅಂಗಡಿಯಲ್ಲಿ ಎದುರಾದರೆ ಡಬ್ಬಿಗಳ ಮೇಲಿನ ಅಕ್ಷರ ಓದುತ್ತ ನಿಲ್ಲುತ್ತಿದ್ದ; ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲವೆಂದು ಇಡೀ ಊರಿಗೆ ಗೊತ್ತು. ಅವಳ ಮೊಣಕಾಲು ಕೆಟ್ಟು, ಒಬ್ಬಳೇ ಅಷ್ಟು ದೂರ ಹೋಗುವುದು ಆಗದ ಕಾರಣ ಎರಡು ವಸಂತ ಬೇಲಿಯ ಕೆಲಸ ತಪ್ಪಿತು. ಮೂರನೆಯ ವಸಂತದ ಒಂದು ಬೆಳಿಗ್ಗೆ ಬಾಗಿಲ ಹೊರಗೆ ಹಿಮದ ಮೋಟಾರಿನ ಸದ್ದು ಕೇಳಿತು. ಅವಳು ಹೊರಗೆ ಬಂದಳು. ಅಲ್ಫೋನ್ಸ್ ಇಳಿಯದೆ ಕೂತಿದ್ದ, ಹಿಂದೆ ಕಟ್ಟಿದ ಸ್ಲೆಡ್ಜ್‌ನಲ್ಲಿ ಹೊದಿಕೆ, ಕೊಡಲಿ, ಸಿಪ್ಪೆ ಸುಲಿದ ನಾಲ್ಕು ಗಳ.

"ಹಿಮ ಗಟ್ಟಿ ಇದೆ," ಎಂದ. "ಬರ್ತೀಯಾ?"

ಅವಳು ಬೂಟು ಹಾಕಿಕೊಂಡಳು. ದಾರಿಯಲ್ಲಿ ಆ ಮೂರು ವರ್ಷದ ಮಾತು ಬರಲಿಲ್ಲ. ಬಂದದ್ದು ಅವನ ಹಲ್ಲುನೋವಿನ ಮಾತು, ತೋಳಗಳ ಮಾತು.

ಆ ಬೇಸಿಗೆಯಲ್ಲಿ ಒಪ್ಪಂದದಂತೆ ನೆಲ ಕಾಯುವ ನಮ್ಮ ಹುಡುಗರು ವಿಮಾನದಲ್ಲಿ ಆ ಕಡೆ ಹೋಗುವವರಿದ್ದರು. ಅಕ್ಕ ತಮ್ಮ ಇಬ್ಬರನ್ನೂ ಕರೆದುಕೊಂಡು ಹೋದರು. ಕೆರೆಗೆ ಇಳಿಯುವಾಗಲೇ ಮರಳುದಿಬ್ಬದ ಮೇಲೆ ಹಳದಿ ಗುಡಾರ ಕಂಡಿತು. ಬೇಲಿಯಿಂದ ಹತ್ತು ಹೆಜ್ಜೆ. ದಂಡೆಯಲ್ಲಿ ಕೆಂಪು ದೋಣಿ. ಅಲ್ಫೋನ್ಸ್ ಕಿಟಕಿಯಿಂದ ತಿರುಗಿ ಅಕ್ಕನ ಮುಖ ನೋಡಿದ. "ನೋಡಿದ್ಯಾ" ಎಂದ, ಅಷ್ಟೇ.

ದಕ್ಷಿಣದ ಯಾವುದೋ ಊರಿನ ಗಂಡ ಹೆಂಡತಿ. ದೋಣಿಗೆ ಹುಟ್ಟು ಹಾಕುತ್ತ ಮೂವತ್ತು ದಿನದಿಂದ ಬರುತ್ತಿದ್ದರಂತೆ. ಸೊಳ್ಳೆ ಕಚ್ಚಿ ಇಬ್ಬರ ಮುಖವೂ ಊದಿತ್ತು. ಡೆಲ್ಫಿನ್ ಕೋಲೂರಿಕೊಂಡು ದಿಬ್ಬ ಹತ್ತಿದಳು. ಅಲ್ಲಿ ಮಲಗಿರುವುದು ತನ್ನ ಅಜ್ಜಿ ಮತ್ತು ತಂಗಿ, ಗುಡಾರವನ್ನು ಕೆಳಗೆ ಹಾಕಿಕೊಳ್ಳಿ ಎಂದು ಹೇಳಿದಳು. ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಶಿಲುಬೆಗಳು ಹಿಮದ ಭಾರಕ್ಕೆ ಒರಗಿ ಪೊದೆಯಲ್ಲಿ ಮರೆಯಾಗಿದ್ದವು, ಹಳೆಯ ಬೇಲಿ ಏನೆಂದು ಅವರಿಗೆ ಅರ್ಥವಾಗಿರಲಿಲ್ಲ, ಗಾಳಿಗೆ ಸೊಳ್ಳೆ ಕಡಿಮೆಯೆಂದು ಮೇಲೆ ಹಾಕಿದ್ದರು. ಕ್ಷಮೆ ಕೇಳುತ್ತಲೇ ಗೂಟ ಕಿತ್ತರು. ನಮ್ಮ ಹುಡುಗರು ಒಂದು ಕೈ ಹಿಡಿದರು. ಅರ್ಧ ಗಂಟೆಯಲ್ಲಿ ಗುಡಾರ ಕೆಳಗಿನ ಕಲ್ಲುದಂಡೆಗೆ ಹೋಯಿತು. ಬೆಳಿಗ್ಗೆ ಒಂದು ಮೀನು ಹಿಡಿದಿದ್ದೇವೆ, ಅದೂ ತಪ್ಪಾಯಿತೇ ಎಂದು ಗಂಡಸು ಕೇಳಿದ. ಡೆಲ್ಫಿನ್ ತೊರೆಯ ಬಾಯಿಯ ಕಡೆ ನೋಡಿದಳು. ಹಸಿವಾದಷ್ಟು ಹಿಡಿಯಿರಿ, ಹೆಚ್ಚು ಬೇಡ ಎಂದಳು. ಮುಂದಿನ ವರ್ಷ ಬರುವವರಿಗೆ ಯಾರು ಹೇಳುತ್ತಾರೆ ಎಂಬುದು ಅವಳ ತಲೆಯಲ್ಲಿ ಸುಳಿಯದೆ ಇರಲಿಲ್ಲ. ನಮ್ಮ ಹುಡುಗರಲ್ಲಿ ಒಬ್ಬನನ್ನು ಕರೆದು, ಬೇಲಿಯ ಪಕ್ಕ ಒಂದು ಹಲಗೆ ನಿಲ್ಲಿಸಬೇಕು, ನೋಯೆಲಾಗೆ ಹೇಳು ಎಂದಳು.

ಅವಳು ಬೆಂಕಿ ಹಚ್ಚುವಷ್ಟರಲ್ಲಿ ದಂಡೆಯಲ್ಲಿ ಅಲ್ಫೋನ್ಸ್‌ನ ದನಿ ಏರಿತು. ಆ ಗಂಡಸು ಮೀನು ಕೊಯ್ಯುತ್ತ ಮೂಳೆಯ ಜೊತೆ ಅರ್ಧ ಮಾಂಸವನ್ನೂ ಎಸೆಯುತ್ತಿದ್ದ. ಅಲ್ಫೋನ್ಸ್ ಅವನ ಕೈಯಿಂದ ಚಾಕು ಕಸಿದುಕೊಂಡು, ಅವನಿಗೆ ಒಂದಕ್ಷರವೂ ತಿಳಿಯದ ನಮ್ಮ ಮಾತಿನಲ್ಲಿ, ನಿನಗೆ ನಿಮ್ಮಮ್ಮ ಏನೂ ಕಲಿಸಲಿಲ್ಲವಾ ಎಂದು ಬೈಯುತ್ತ, ಬಂಡೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಕಿವಿರಿನ ಹಿಂದಿನಿಂದ ಹೇಗೆ ಕೊಯ್ಯಬೇಕೆಂದು ತೋರಿಸತೊಡಗಿದ. ಡೆಲ್ಫಿನ್ ಕೆಟಲ್‌ಗೆ ಇನ್ನೆರಡು ಲೋಟ ನೀರು ಹೆಚ್ಚಿಗೆ ಹಾಕಿದಳು.